ಗಾಣದ ಗೋಡೆಯ ಕೊನೆಯ ಸಾಲು

ಮಯೂರ ಆರ್ಟ್ಸ್ ಎಂಬ ಬೋರ್ಡು ಹೊಸ ಮಳಿಗೆಗಿಂತ ಅಗಲವಾಗಿತ್ತು. ಬೆಂಗಳೂರಿನ ಶ್ರೀರಾಂಪುರದ ಗಲ್ಲಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ತಿಂದ ತಗಡು ಅದು. ಕುದೂರಿನ ಕೆರೆ ಏರಿ ರಸ್ತೆಯ ಮಳಿಗೆಯ ಬಾಗಿಲಿಗೆ ಹಿಡಿದು ನೋಡಿದರೆ ಕೊನೆಯ ಅಕ್ಷರ ಪಕ್ಕದ ಸೈಕಲ್ ಶಾಪಿನ ಗೋಡೆಯ ಮೇಲೆ ಹೋಗಿ ಕೂರುತ್ತಿತ್ತು. ಸಾಮಾನು ತಂದ ಟಾಟಾ ಏಸ್ ಡ್ರೈವರ್ "ಕಟ್ ಮಾಡಿಸ್ಬುಡಿ ಯಜಮಾನ್ರೇ" ಅಂದ. ಚಿಕ್ಕರಾಜು ಬೋರ್ಡನ್ನು ಒಳಗೆ ಎತ್ತಿಕೊಂಡು ಹೋಗಿ ಮುಖ ಗೋಡೆಗೆ ಮಾಡಿ ನಿಲ್ಲಿಸಿದ. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ಬಣ್ಣದ ಡಬ್ಬಗಳನ್ನು ಅದರ ಮುಂದೆ ಸಾಲಾಗಿ ಜೋಡಿಸಿದಳು. ವ್ಯಾಪಾರ ಊರು ಬದಲಾಯಿಸಿದ್ದು ಹೀಗೆ. ಒಂದು ತೆಂಗಿನಕಾಯಿ ಒಡೆಯಬೇಕೆಂಬುದು ಕೂಡ ಇಬ್ಬರಿಗೂ ನೆನಪಾಗಲಿಲ್ಲ.

ಚಿಕ್ಕರಾಜು ವಿರೂಪಾಕ್ಷಿಪುರದ ಕಡೆಯವನು, ಕುರಿ ಸಾಕುವ ಮನೆಯವನು. ಅವನು ಮೊದಲು ಬಣ್ಣ ಹಚ್ಚಿದ್ದು ಗೋಡೆಗಲ್ಲ, ಕುರಿಗೆ. ಮೂರು ನಾಲ್ಕು ಮನೆಯ ಮಂದೆಗಳು ಬೆರೆತುಹೋಗುತ್ತಿದ್ದುದರಿಂದ ಅಪ್ಪ ಬೀರಯ್ಯ ತಮ್ಮ ಕುರಿಗಳ ಸೊಂಟದ ಮೇಲೆ ಕೆಂಪು ಗುರುತು ಹಾಕಿಸುತ್ತಿದ್ದ. ಹುಡುಗ ಬರೀ ಗೆರೆ ಎಳೆದು ಸುಮ್ಮನಿರದೆ ಒಂದೊಂದು ಕುರಿಗೂ 'ಬೀ' ಎಂದು ಬರೆದು ಬಿಡುತ್ತಿದ್ದ. ಇವನು ಕುರಿ ಕಾಯುವುದಕ್ಕೆ ಲಾಯಕ್ಕಿಲ್ಲ ಎಂದು ಅಪ್ಪನಿಗೆ ಅಲ್ಲಿಗೇ ಗೊತ್ತಾಗಿ ಹೋಯಿತು. ಏಳನೇ ಕ್ಲಾಸು ಮುಗಿದ ಮೇಲೆ ನೆಂಟರ ಕೈಯಲ್ಲಿ ಬೆಂಗಳೂರಿಗೆ ಕಳಿಸಿಕೊಟ್ಟ.

ಅಲ್ಲಿ ಅವನಿಗೆ ಸಿಕ್ಕ ಮೇಸ್ತ್ರಿ ಅಕ್ಷರದ ವಿಷಯದಲ್ಲಿ ಯಮ. ನಮ್ಮ ಚನ್ನಪಟ್ಟಣ, ಮಾಗಡಿ ಕಡೆಯ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೆಂಡತಿ ಎಂಡ್ತಿಯಾಗುತ್ತಾಳೆ. ಇದರಿಂದ ಹಾಲೇನೂ ಕೆಟ್ಟಿಲ್ಲ, ಹೆಂಡತಿಯರೂ ಬಿಟ್ಟುಹೋಗಿಲ್ಲ. ಆದರೆ ಬೋರ್ಡು ಬರೆಯುವವನಿಗೆ ಇದು ದೊಡ್ಡ ಕಂಟಕ. ಚಿಕ್ಕರಾಜು ಮೊದಲ ವಾರವೇ ಒಂದು ಮಿಲಿಟರಿ ಹೋಟೆಲಿನ ಬೋರ್ಡಿಗೆ 'ಓಟೆಲ್' ಎಂದು ಬರೆದ. ಮೇಸ್ತ್ರಿ ಬಣ್ಣದ ಬ್ರಷ್ಷನ್ನು ಅವನ ಮುಖಕ್ಕೇ ಎಸೆದು, "ನಿಮ್ಮೂರಲ್ಲಿ ಹಕಾರ ಸತ್ತೋಗಿರಬಹುದು ಕಣ್ಲಾ, ನನ್ನಂಗಡೀಲಿ ಬದುಕಿರಬೇಕು" ಅಂದ. ಆಮೇಲೆ ಚಿಕ್ಕರಾಜು ಅಕ್ಷರ ತಪ್ಪಲಿಲ್ಲ. ಶ್ರೀರಾಂಪುರದ ಬೇರೆ ಪೇಂಟರುಗಳು ಒತ್ತಕ್ಷರದ ಅನುಮಾನ ಬಂದರೆ ಇವನ ಅಂಗಡಿಗೆ ಬಂದು ಕೇಳಿಕೊಂಡು ಹೋಗುತ್ತಿದ್ದರು. ಅವನಿಗೆ ಬೇರೆ ಯಾವ ಜಂಬವೂ ಇರಲಿಲ್ಲ, ಇದೊಂದಿತ್ತು.

ಪುಟ್ಟಲಕ್ಷ್ಮಮ್ಮ ಕುದೂರಿನವಳು. ಮದುವೆಯಾದ ವರ್ಷದಿಂದಲೇ ಅಂಗಡಿಯಲ್ಲಿ ಕೈ ಹಾಕಿದಳು. ಗೆರೆ ಅವನದು, ತುಂಬುವುದು ಅವಳದು. ಅವನು ಅಕ್ಷರದ ಅಂಚು ಎಳೆದು ಮುಂದಕ್ಕೆ ಹೋದಂತೆ ಅವಳು ಹಿಂದಿನಿಂದ ಅದರ ಹೊಟ್ಟೆಗೆ ಬಣ್ಣ ತುಂಬುತ್ತಾ ಬರುವಳು. ಅರ್ಧ ರಾಜಾಜಿನಗರದ ಬೋರ್ಡುಗಳನ್ನು ತುಂಬಿದ ಹೆಂಗಸಿಗೆ ಓದಲು ಬರುತ್ತಿರಲಿಲ್ಲ. ಸ್ಕೂಲಿನ ಮೆಟ್ಟಿಲು ಹತ್ತಿದವಳೇ ಅಲ್ಲ. ಅಕ್ಷರಗಳಿಗೆ ತಾನೇ ಹೆಸರಿಟ್ಟುಕೊಂಡಿದ್ದಳು: 'ಠ' ಎಂದರೆ ಚಟ್ನಿ ಇಟ್ಟ ರೊಟ್ಟಿ, 'ಹ' ಎಂದರೆ ತೊಟ್ಲು. ಬಸ್ಸಿನಲ್ಲಿ ಹೋಗುವಾಗ "ಅದು ನಾನು ತುಂಬಿದ್ದು" ಎಂದು ಬೆರಳು ತೋರಿಸುವಳು. ಅದು ಮೆಡಿಕಲ್ ಸ್ಟೋರೋ ಮಟನ್ ಸ್ಟಾಲೋ ಅವಳಿಗೆ ಗೊತ್ತಿರುತ್ತಿರಲಿಲ್ಲ, ತನ್ನ ಕೈ ಮಾತ್ರ ಗೊತ್ತಿರುತ್ತಿತ್ತು.

ಫ್ಲೆಕ್ಸ್ ಬಂದದ್ದು, ಕೆಲಸ ಹೋದದ್ದು ಎಲ್ಲರಿಗೂ ಗೊತ್ತಿರುವ ಕಥೆ, ಅದನ್ನು ಮತ್ತೆ ಹೇಳಿ ಏನಾಗಬೇಕು. ಕೊನೆಗೆ ಗಾಡಿಗಳ ನಂಬರ್ ಪ್ಲೇಟು, ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ', ಇಷ್ಟೇ ಉಳಿದಿತ್ತು. ಕಟ್ಟಡದ ಯಜಮಾನ ಹಳೆಯದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇನೆ ಅಂದಾಗ ಚಿಕ್ಕರಾಜುವಿಗೆ ಜಗಳವಾಡುವಷ್ಟು ಶಕ್ತಿಯೂ ಇರಲಿಲ್ಲ. ಮಗಳು ಭಾನುಪ್ರಿಯ ಕನಕಪುರಕ್ಕೆ ಮದುವೆಯಾಗಿ ಹೋಗಿದ್ದಳು. "ನಮ್ಮೂರಿಗೇ ಓಗನ, ಅಲ್ಲಿ ಬರಿಯೋರು ಯಾರೂ ಇಲ್ವಂತೆ" ಎಂದು ಪುಟ್ಟಲಕ್ಷ್ಮಮ್ಮ ಅಂದಳು. ಬರೆಯುವವರು ಇರಲಿಲ್ಲ ನಿಜ. ಬರೆಸುವವರೂ ಹೆಚ್ಚಿರಲಿಲ್ಲ ಎಂಬುದು ಬಂದ ಮೇಲೆ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಇಲ್ಲೂ ಒಂದು ಫ್ಲೆಕ್ಸ್ ಅಂಗಡಿ ಆಗಲೇ ಬಾಗಿಲು ತೆರೆದು ಕೂತಿತ್ತು.

ಕೆರೆಯ ಪಕ್ಕದ ಕೆಲಸ ಬೇರೆಯದೇ ಥರ. ಪಟ್ಟಣದಲ್ಲಿ ಹಸಿ ಬಣ್ಣಕ್ಕೆ ಧೂಳು ಕೂರುತ್ತಿತ್ತು, ಇಲ್ಲಿ ಹುಳ. ಹೊತ್ತು ಇಳಿದರೆ ಸಾಕು, ನೀರಿನ ಮೇಲಿಂದ ಸಣ್ಣ ಹುಳಗಳ ದಂಡು ಎದ್ದು ಬಂದು ಎನಾಮಲ್ ಬಣ್ಣದಲ್ಲಿ ಕಾಲೂರಿ ಸಾಯುತ್ತಿತ್ತು. ಚಿಕ್ಕರಾಜು ಬರೆದ 'ಶ್ರೀ ಭೈರವೇಶ್ವರ ಗೊಬ್ಬರದ ಅಂಗಡಿ' ಮಾರನೆಯ ಬೆಳಗ್ಗೆ ಮೈತುಂಬ ಮೀಸೆ ಬಂದಂತೆ ಕಾಣುತ್ತಿತ್ತು. ಅದಕ್ಕೇ ಬಿಸಿಲಿದ್ದಾಗಲೇ ಬರೆದು ಮುಗಿಸಬೇಕು. ಬಿಸಿಲಿನಲ್ಲಿ ಏಣಿ ಹತ್ತಿ ನಿಂತರೆ ಅವನಿಗೆ ಮೈಯೆಲ್ಲ ಸೋತು ಬರುತ್ತಿತ್ತು. ಅರವತ್ತರ ಹತ್ತಿರದ ಮೈ ಅದು, ಸೋಲುವುದಕ್ಕೆ ಅದಕ್ಕೂ ಹಕ್ಕಿತ್ತು.

ಆದರೆ ನಿಜವಾದ ಕಷ್ಟ ಮೈಯದಲ್ಲ, ಬಲಗೈಯದು. ಬೆಂಗಳೂರಿನಲ್ಲಿರುವಾಗಲೇ ಅದು ನಡುಗಲು ಶುರುವಾಗಿತ್ತು. ಮೊದಮೊದಲು ಟೀ ಲೋಟ ಹಿಡಿದಾಗ, ಆಮೇಲೆ ಬ್ರಷ್ ಹಿಡಿದಾಗ. ಅವನು ಯಾರಿಗೂ ಹೇಳಲಿಲ್ಲ. ಕೆಲಸವಿಲ್ಲದಾಗ ಕೈಯನ್ನು ಜೇಬಿನಲ್ಲಿ ಇಡುತ್ತಿದ್ದ, ಹೆಗಲ ಮೇಲಿನ ಟವೆಲ್ಲನ್ನು ಇಳಿಸಿ ಅದರ ಮೇಲೆ ಹಾಕಿಕೊಳ್ಳುತ್ತಿದ್ದ. ಬರೆಯುವಾಗ ಗೆರೆ ವಾಲಾಡುತ್ತಿತ್ತು. ಆದರೆ ವಿಚಿತ್ರವೆಂದರೆ ಮುಗಿದ ಬೋರ್ಡಿನಲ್ಲಿ ಅಕ್ಷರಗಳು ನೆಟ್ಟಗೇ ನಿಂತಿರುತ್ತಿದ್ದವು. ಒಂದು ದಿನ ಕೂತು ನೋಡಿದ. ಪುಟ್ಟಲಕ್ಷ್ಮಮ್ಮ ತುಂಬುವಾಗ ಅವನ ಗೆರೆಯ ಒಳಗೆ ನಿಲ್ಲುತ್ತಿರಲಿಲ್ಲ. ಗೆರೆ ಹೊರಗೆ ಜಾರಿದ ಕಡೆ ಒಳಕ್ಕೆ ಸರಿಸಿ, ಒಳಗೆ ಮುರಿದ ಕಡೆ ಹೊರಕ್ಕೆ ಎಳೆದು, ಸೊಟ್ಟಗಿದ್ದದ್ದನ್ನು ಸರಿ ಮಾಡಿಕೊಂಡು ಹೋಗುತ್ತಿದ್ದಳು. ಅವನು ನೋಡಿದ್ದು ಅವಳಿಗೆ ಕಂಡಿತು. ಅವಳು ತುಂಬುತ್ತಲೇ ಹೋದಳು. ಚಿಕ್ಕರಾಜುವಿಗೆ ಅವತ್ತು ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು.

ಆಮೇಲೆ ಅವನೇ ಒಂದು ನೆಪ ಹುಡುಕಿದ. "ಮಂಡಿ ನೋವು ಕಣಮ್ಮಿ, ಏಣಿ ಅತ್ತಕಾಗಕಿಲ್ಲ. ನೀನೇ ಗೆರೆ ಎಳೆಯದ ಕಲಿ" ಅಂದ. ಅವಳು ಅವನ ಮಂಡಿಯನ್ನೂ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ. "ಕಲಿಸಿ ಮತ್ತೆ" ಅಂದಳು.

ಹೀಗೆ ಐವತ್ತು ದಾಟಿದ ಮೇಲೆ ಪುಟ್ಟಲಕ್ಷ್ಮಮ್ಮನಿಗೆ ಅಕ್ಷರಾಭ್ಯಾಸ ಆಯಿತು. ಕೈಗೆ ಎಲ್ಲ ಅಕ್ಷರವೂ ಮೊದಲೇ ಬರುತ್ತಿದ್ದುದರಿಂದ ಬರವಣಿಗೆ ನೀರು ಕುಡಿದಷ್ಟು ಸಲೀಸಾಯಿತು. ಕಷ್ಟವಾದದ್ದು ಕಿವಿಗೆ. ಅವಳು ಅಂದಂತೆ ಬರೆಯುವಳು, ಅವಳು ಅನ್ನುವುದರಲ್ಲಿ ಹಕಾರವೇ ಇಲ್ಲ.

"ಆಲು ಅಂತ ಬರ್ದಿದ್ದೀಯಲ್ಲ. ಹ ಹಾಕು."

"ಆಕಿವ್ನಲ್ಲ."

"ಅ ಅಲ್ಲ ಕಣಮ್ಮಿ, ಹ."

"ಅದೇ ಕಣ್ರೀ, ಅ."

ದಿನವಿಡೀ ದಣಿದ ಚಿಕ್ಕರಾಜುವಿನ ಬಾಯಲ್ಲೂ ಹಕಾರ ಒಂದು ಸಲ ಬಂದರೆ ಎರಡು ಸಲ ಬರುತ್ತಿರಲಿಲ್ಲ. ಕೊನೆಗೆ ಅವಳ ಭಾಷೆಗೇ ಇಳಿದ. "ತೊಟ್ಲು ಹಾಕು" ಅಂದರೆ ತಕ್ಷಣ ಗೊತ್ತಾಗುತ್ತಿತ್ತು. ಎಲ್ಲಿ ತೊಟ್ಲು, ಎಲ್ಲಿ ಬೇಡ ಎಂಬುದನ್ನು ಅವನು ಪಕ್ಕದಲ್ಲಿ ನಿಂತು ಹೇಳಬೇಕು, ಅವಳು ಬರೆಯಬೇಕು. ಊರಿನವರ ಕಣ್ಣಿಗೆ ಅವಳು ಯಾವತ್ತಿನಂತೆ ಬಣ್ಣ ತುಂಬುವವಳು. ಅವಳು ಗೆರೆ ಎಳೆಯುವುದನ್ನು ನಿಂತು ನೋಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಅವಳ ಕೈ ಅಕ್ಷರಕ್ಕೆ ಒಗ್ಗಿದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬಣ್ಣದ ಡಬ್ಬ ಮುಚ್ಚಿಟ್ಟು ಯಾವುದಾದರೂ ತೋಟದ ಗೇಟು ಕಾಯುವುದು. ಚಿಕ್ಕರಾಜುವಿನ ಮುಂದೆ ಇದ್ದದ್ದು ಇವೆರಡೇ ದಾರಿ.

ಜಯಕುಮಾರನ ಎಣ್ಣೆ ಗಾಣದ ಕೆಲಸ ಬಂದದ್ದು ಆಗಲೇ. ಈಗೆಲ್ಲ ಮರದ ಗಾಣಕ್ಕೆ ಮತ್ತೆ ಬೆಲೆ ಬಂದಿದೆಯಲ್ಲ, ಅವನೂ ಮಾಗಡಿ ರಸ್ತೆಯ ಪಕ್ಕ ಒಂದು ಹಾಕಿದ್ದ. ಫ್ಲೆಕ್ಸ್ ಬೇಡ, ಗೋಡೆ ಪೂರ್ತಿ ಕೈಯಲ್ಲೇ ಬರೆಯಬೇಕು, ಹಳೇ ಕಾಲದ ಥರ ಕಾಣಬೇಕು ಅಂದ. ಕುದೂರಿಗೆ ಬಂದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ. ಹಳದಿ ಬಣ್ಣದ ಗೋಡೆ, ಮೇಲೆ ಕೆಂಪಿನಲ್ಲಿ ಗಾಣದ ಹೆಸರು, ಅದರ ಕೆಳಗೆ ಎಣ್ಣೆಗಳ ಪಟ್ಟಿ, ಎಲ್ಲವೂ ರಸ್ತೆಗೆ ಕಾಣುವಂತೆ ಆಳೆತ್ತರಕ್ಕಿಂತ ಮೇಲೆ. ಬಂದ ಎಣ್ಣೆಗಳಾದರೂ ಎಂಥವು ನೋಡಿ: ಹರಳೆಣ್ಣೆ, ಹುಚ್ಚೆಳ್ಳೆಣ್ಣೆ, ಹೊಂಗೆಣ್ಣೆ. ಪುಟ್ಟಲಕ್ಷ್ಮಮ್ಮ ಸೀಮೆಸುಣ್ಣದಲ್ಲಿ 'ಅರಳೆಣ್ಣೆ' ಬರೆದಳು. "ತೊಟ್ಲು" ಅಂದ. ಅಳಿಸಿ ಬರೆದಳು. ಆಮೇಲೆ 'ಉಚ್ಚೆಳ್ಳೆಣ್ಣೆ'. "ತೊಟ್ಲು." 'ಒಂಗೆಣ್ಣೆ' ಹೊತ್ತಿಗೆ ಅವನಿಗೆ ರೇಗಿಹೋಯಿತು.

"ಎಷ್ಟ್ ಸಲ ಏಳದು ನಿಂಗೆ? ಎಣ್ಣೆ ಅಂದ್ರೆ ತೊಟ್ಲು ಅಂತ ತಲೇಲಿ ಇಟ್ಕೋಬಾರ್ದಾ?"

ಅವಳು ತಲೆಯಲ್ಲಿ ಇಟ್ಟುಕೊಂಡಳು.

ಪಟ್ಟಿ ಮುಗಿದ ದಿನ ಕೆಂಪು ಬಣ್ಣ ತಳ ಕಂಡಿತ್ತು. ಚಿಕ್ಕರಾಜು ಬಣ್ಣ ತರಬೇಕೆಂದು ಮಾಗಡಿಗೆ ಹೊರಟ. ಜಯಕುಮಾರ ಕಡಲೆಕಾಯಿ ತರಲು ತುಮಕೂರಿಗೆ ಹೋಗಿದ್ದ. "ಕೊನೇಲಿ ಒಂದ್ ಸಾಲು ಉಳ್ಕಂಡೈತೆ. 'ಇಲ್ಲಿ ಶುದ್ಧ ಎಣ್ಣೆ ಸಿಗುತ್ತದೆ' ಅಂತ. ಇರೋ ಬಣ್ಣ ಸಾಕು, ಬರ್ದ್‌ಬುಡು" ಎಂದು ಹೆಂಡತಿಗೆ ಬಾಯಲ್ಲಿ ಹೇಳಿದ. ಬರೆದುಕೊಟ್ಟಿದ್ದರೆ ಅವಳು ನೋಡಿ ಬರೆಯುತ್ತಿದ್ದಳು. ಆದರೆ ಬರೆದುಕೊಡುವುದಕ್ಕೂ ಕೈ ಬೇಕಲ್ಲ.

ಬಣ್ಣ ಎಂಬುದು ಅರ್ಧ ಸತ್ಯ. ಮಾಗಡಿಯಲ್ಲಿ ಇಳಿದವನು ಮೊದಲು ಹೋದದ್ದು ಆಸ್ಪತ್ರೆಗೆ. ಡಾಕ್ಟರಮ್ಮ ಅವನ ಕೈ ಚಾಚಿಸಿ ನೋಡಿದಳು, ಗಾಳಿಯಲ್ಲಿ ಒಂದು ಸುತ್ತು ಬರೆಯಲು ಹೇಳಿದಳು, ಮಾತ್ರೆ ಬರೆದುಕೊಟ್ಟಳು. "ಇದು ಕಮ್ಮಿ ಆಗಬಹುದು, ಹೋಗೋದಿಲ್ಲ. ಏನ್ ಕೆಲಸ ಮಾಡ್ತೀರಿ?" ಎಂದಳು. "ಹಿಂಗೇ, ಅಂಗಡಿ" ಅಂದ ಚಿಕ್ಕರಾಜು. ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟುಕೊಂಡು ಬಂದ. ಅವನು ಹೆದರಿದ್ದಕ್ಕಿಂತ ಹೆಚ್ಚಾಗಿ ದಣಿದಿದ್ದ. ಸಂಜೆ ಮನೆಗೆ ಬಂದು "ಮುಗೀತಾ?" ಅಂದ. "ಮುಗೀತು, ಚೆಂದಾಗಿ ಬಂದೈತೆ, ನೋಡ್ಕಂಡ್ ಬನ್ನಿ" ಅಂದಳು ಅವಳು. ಅವಳ ಮುಖದಲ್ಲಿ ಹೊಸ ಕಳೆಯಿತ್ತು. ಒಬ್ಬಳೇ ನಿಂತು ಒಂದು ಪೂರ್ತಿ ಸಾಲು ಬರೆದದ್ದು ಅವತ್ತೇ ಮೊದಲು. ಚಿಕ್ಕರಾಜು ನಾಳೆ ನೋಡಿದರಾಯಿತೆಂದು ಕೈಕಾಲು ತೊಳೆಯದೆ ಮಲಗಿಬಿಟ್ಟ. ಇಷ್ಟು ವರ್ಷದಲ್ಲಿ ಮುಗಿದ ಬರಹವನ್ನು ಅವನು ಕಣ್ಣಾರೆ ಓದದೆ ಬಿಟ್ಟವನಲ್ಲ.

ಬೆಳಗ್ಗೆ ಟೀ ಅಂಗಡಿಯ ಸಿದ್ದಮ್ಮ ಅವನನ್ನು ಕಂಡ ಕೂಡಲೇ ಧ್ವನಿ ಇಳಿಸಿದಳು. ಅವಳು ಪುಟ್ಟಲಕ್ಷ್ಮಮ್ಮನ ಚಿಕ್ಕಂದಿನ ಗೆಳತಿ.

"ಭಾವ, ಟೀ ಆಮೇಲೆ ಕುಡೀವ್ರಂತೆ. ಒಸಿ ಗಾಣದ ತಾವ ಓಗ್ಬುಟ್ಟು ಬನ್ನಿ."

ಗಾಣದ ಮುಂದೆ ಆಗಲೇ ಏಳೆಂಟು ಜನ ನಿಂತಿದ್ದರು. ಹಳದಿ ಗೋಡೆಯ ಕೊನೆಯಲ್ಲಿ, ಒಂದು ಗೆರೆಯೂ ವಾಲದ ದುಂಡನೆಯ ಕೆಂಪು ಅಕ್ಷರದಲ್ಲಿ, 'ಇಲ್ಲಿ ಶುದ್ಧ ಹೆಣ್ಣೆ ಸಿಗುತ್ತದೆ' ಎಂದಿತ್ತು. ಒಬ್ಬ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಇನ್ನೊಬ್ಬ, "ಜಯಣ್ಣ, ನನ್ ತಮ್ಮಂಗೂ ಒಂದ್ ನೋಡು. ಮೂರ್ ವರ್ಸದಿಂದ ಉಡುಕ್ತಾ ಇವ್ನಿ, ಬೇಸಾಯಗಾರಂಗೆ ಯಾರೂ ಕೊಡಕಿಲ್ಲ. ಶುದ್ಧ ಹ್ಹೆಣ್ಣೇ ಇಲ್ಲಿ ಸಿಕ್ತದಂತೆ" ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಹಕಾರ ಆಡದ ಬಾಯಿ ಅದು, ಇದೊಂದಕ್ಕೆ ಹೊಟ್ಟೆಯ ಆಳದಿಂದ ಎಳೆದು ತಂದಿತ್ತು.

ಜಯಕುಮಾರ ನಗುತ್ತಿರಲಿಲ್ಲ. "ಏನ್ ಪೇಂಟ್ರೇ ಇದು? ಬೆಂಗ್ಳೂರಲ್ಲಿ ಮೂವತ್ತು ವರ್ಸ ಬರ್ದವ್ರು ಅಂತ ಕೊಟ್ಟೆ. ಯಾರು ಬರ್ದಿದ್ದು ಇದ?"

ಚಿಕ್ಕರಾಜು ಲೆಕ್ಕ ಹಾಕಿದ. ಹೆಂಡತಿ ಬರೆದದ್ದು ಅಂದರೆ ಊರು ಅವಳನ್ನು ಬಾಳೆಲ್ಲ ಆಡಿಕೊಳ್ಳುತ್ತದೆ. ಅದೂ ಅವಳು ಹುಟ್ಟಿದ ಊರು. ಅವಳು ಮತ್ತೆ ಬ್ರಷ್ ಮುಟ್ಟುವುದಿಲ್ಲ.

"ನಾನೇ ಬರ್ದಿದ್ದು. ಕಣ್ಣು ಮಂಜಾಗೈತೆ, ತಪ್ಪಾಗೋಯ್ತು" ಅಂದ.

ಬಾಯಿಂದ ಮಾತು ಬಿದ್ದಾಗ ಅವನಿಗೆ ಮೇಸ್ತ್ರಿಯ ಬ್ರಷ್ ಮತ್ತೊಮ್ಮೆ ಮುಖಕ್ಕೆ ಬಡಿದ ಹಾಗಾಯಿತು. ಜಯಕುಮಾರ, "ಇವತ್ತು ಸಂಜೆ ಒಳಗೆ ಸರಿ ಮಾಡಿ. ಇಲ್ಲಾಂದ್ರೆ ಮೇಲೊಂದು ಫ್ಲೆಕ್ಸ್ ಒಡಿಸ್ಬುಡ್ತೀನಿ" ಎಂದು ಒಳಗೆ ಹೋದ. ಚಿಕ್ಕರಾಜು ಟರ್ಪಂಟೈನ್ ಬಟ್ಟೆಯಿಂದ 'ಹೆ' ಒರೆಸಿ, ಅದರ ಮೇಲೆ ಹಳದಿ ಬಳಿದ. ಬಳಿಯುವುದಕ್ಕೆ ಕೈ ಅಷ್ಟು ಗಟ್ಟಿ ಬೇಕಿಲ್ಲ.

ಮನೆಗೆ ಬಂದರೆ ಪುಟ್ಟಲಕ್ಷ್ಮಮ್ಮ ಬ್ರಷ್ಷುಗಳನ್ನೆಲ್ಲ ತೊಳೆದು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿಟ್ಟಿದ್ದಳು. ಸಿದ್ದಮ್ಮ ಹೇಳಿ ಹೋಗಿದ್ದಳು.

"ನಂಗೆ ಬ್ಯಾಡ ಇದು. ಓದ್ದೋರ್ ಕೆಲಸ" ಅಂದಳು.

"ನಾನೇ ಬರ್ದಿದ್ದು ಅಂತ ಅಂದಿವ್ನಿ. ನಿನ್ನ ಯಾರೂ ಏನೂ ಅನ್ನಕಿಲ್ಲ."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಚಿಕ್ಕರಾಜುವಿನ ಅಕ್ಷರದ ಜಂಬವನ್ನು ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ. ಎದ್ದು ಹೋಗಿ ಮುದ್ದೆಗೆ ಎಸರಿಟ್ಟಳು.

ಮಧ್ಯಾಹ್ನ ಚಿಕ್ಕರಾಜು ಏಣಿ ಹೊತ್ತುಕೊಂಡು ಒಬ್ಬನೇ ಹೋದ. ಬರೆಯಬೇಕಾದದ್ದು ಒಂದೇ ಒಂದು ಅಕ್ಷರ. 'ಎ'. ಕುರಿಯ ಮೇಲೆ ಬರೆಯುತ್ತಿದ್ದ ವಯಸ್ಸಿನಲ್ಲೂ ಕಣ್ಣು ಮುಚ್ಚಿ ಬರೆಯಬಹುದಾಗಿದ್ದ ಅಕ್ಷರ. ನಾಲ್ಕು ಮೆಟ್ಟಿಲು ಹತ್ತಿ, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬ್ರಷ್ ಚಾಚಿದ. ಬ್ರಷ್ಷಿನ ತುದಿ ಗೋಡೆಯ ಮುಂದೆ ಸೊಳ್ಳೆಯಂತೆ ಆಡಿತು. ಬೆಳಗ್ಗೆ ನಿಂತಿದ್ದವರಲ್ಲಿ ನಾಲ್ಕೈದು ಜನ ಮತ್ತೆ ಬಂದು ಕೆಳಗೆ ನಿಂತಿದ್ದರು, ಯಾರೋ ಕೆಮ್ಮಿದರು. ಒಂದು ಕೆಂಪು ಹನಿ ಹಳದಿಯ ಮೇಲೆ ಬಿದ್ದು ಕೆಳಗೆ ಇಳಿಯಿತು. ಅವನು ಅದನ್ನು ಒರೆಸಿ, ಉಸಿರು ಬಿಗಿಹಿಡಿದು ಮತ್ತೆ ಚಾಚಿದ. ಆಗಲಿಲ್ಲ. ಇಷ್ಟು ದಣಿವು ಅವನಿಗೆ ಯಾವತ್ತೂ ಆಗಿರಲಿಲ್ಲ. ಮಾಡಿದ ಕೆಲಸದ ದಣಿವಲ್ಲ ಅದು, ಮಾಡಲಾಗದ ಕೆಲಸದ್ದು.

"ಇಳೀರಿ" ಎಂಬ ಮಾತು ಹಿಂದಿನಿಂದ ಕೇಳಿತು. ಪುಟ್ಟಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಕಂಕುಳಲ್ಲಿ ಬ್ರಷ್ಷಿನ ಗಂಟಿತ್ತು.

ಜಯಕುಮಾರ ಗಾಣದ ಬಾಗಿಲಿಗೆ ಬಂದ. "ಲಕ್ಷ್ಮಕ್ಕ, ನೀನ್ಯಾಕೆ? ಅವ್ರು ಬರೀಲಿ, ಆಮೇಲೆ ನೀನು ಬಣ್ಣ ತುಂಬೀವಂತೆ. ಮತ್ತೆ ತಪ್ಪಾದಾತು."

"ನೆನ್ನೆ ತಪ್ಪು ಬರ್ದೋಳೂ ನಾನೇ ಕಣಪ್ಪ" ಅಂದಳು. ಅಲ್ಲಿ ನಿಂತಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಅಂದಳು. "ಈ ಗೋಡೆ ಪೂರ್ತಿ ನಾನೇ ಬರ್ದಿರದು. ಸ್ಕೂಲಿಗೆ ಓದೋಳಲ್ಲ ನಾನು. ಎಣ್ಣೆಗೆಲ್ಲ ತೊಟ್ಲು ಬತ್ತದೆ ಅನ್ಕಂಡಿದ್ದೆ, ಬರಕಿಲ್ವಂತೆ. ಈಗ ಗೊತ್ತಾಯ್ತು. ಇವ್ರು ಒಂದಕ್ಸರಾನೂ ತಪ್ಪು ಬರ್ದೋರಲ್ಲ."

ತೊಟ್ಲು ಎಂದರೆ ಏನೆಂದು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಆದರೂ ಯಾರೂ ನಗಲಿಲ್ಲ. ಬೆಳಗ್ಗೆ ತಮ್ಮನಿಗೆ ಹೆಣ್ಣು ಕೇಳಿದ್ದವನು ಮೆಲ್ಲಗೆ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಜಯಕುಮಾರನೂ ನೋಡಿದ. ಹರಳೆಣ್ಣೆ, ಹುಚ್ಚೆಳ್ಳೆಣ್ಣೆ, ಹೊಂಗೆಣ್ಣೆ, ಒಂದೊಂದೂ ಅಚ್ಚೊತ್ತಿದ ಹಾಗೆ ಕೂತಿದ್ದವು. "ಬರಿ ಅಕ್ಕ" ಅಂದ.

ಅವಳು ಹತ್ತಿದಳು. ಚಿಕ್ಕರಾಜು ಏಣಿಯ ಬುಡವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅಷ್ಟಾದರೂ ಮಾಡುತ್ತೇನಲ್ಲ ಎಂದು ಅವನ ಮನಸ್ಸಿಗೆ ಕೊಂಚ ಸಮಾಧಾನ. ಮೇಲೆ ಬ್ರಷ್ ಗೋಡೆಯ ಹತ್ತಿರ ಹೋಗಿ ನಿಂತಿತು, ಮುಟ್ಟಲಿಲ್ಲ. ಪುಟ್ಟಲಕ್ಷ್ಮಮ್ಮ ಕೆಳಗೆ ಬಗ್ಗಿ, ಅವನಿಗೆ ಮಾತ್ರ ಕೇಳುವಂತೆ ಅಂದಳು:

"ಏಣಿ ಬುಡಿ. ಅಲ್ಲಾಡ್ತಾ ಐತೆ."

"ಬಿಗಿಯಾಗೇ ಇಡ್ಕಂಡಿವ್ನಿ."

"ಗೊತ್ತು ಕಣ್ರೀ. ಅದ್ಕೇ ಅಲ್ಲಾಡ್ತಾ ಇರದು. ಬುಟ್ಬುಟ್ಟು ಒಸಿ ಕುಂತ್ಕಳಿ. ಸಾಕು."

ಚಿಕ್ಕರಾಜು ಕೈ ಬಿಟ್ಟ. ಏಣಿ ನಿಂತಿತು. ಅವಳು ಬ್ರಷ್ ಊರಿದಳು. ಅವನು ಹಿಂದೆ ಸರಿದು ಹಿಂಡಿ ಮೂಟೆಯೊಂದರ ಮೇಲೆ 'ಉಸ್' ಎಂದು ಕೂತ. ಜೇಬಿನತ್ತ ಹೋಗುತ್ತಿದ್ದ ಬಲಗೈಯನ್ನು ಅರ್ಧದಲ್ಲೇ ತಡೆದು, ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಅದರ ಪಾಡಿಗೆ ಅದನ್ನು ನಡುಗಲು ಬಿಟ್ಟ.